ರಸಮಟ್ಟಕ್ಕೆ ಕೂತ ಲೇತು

ಹಳೇ ಮೆಷಿನ್ ಮನೆಗೆ ತಂದವರಿಗೆ ಪಜೀತಿಗಳು ಬೇರೆ ಬೇಕಾಗಿಲ್ಲ, ಅದರ ಜೊತೆಗೇ ಬರುತ್ತವೆ. "ಇದು ನಿನ್ನ ಕೈಲಾಗೋದಲ್ಲಮ್ಮ" ಎಂದು ಮೊದಲು ಹೇಳಿದವರು ನನ್ನ ಗಂಡನ ಅಣ್ಣ, ಭಾವನವರು. ನಾನು ಕೆ.ಆರ್. ಪುರದ ಒಂದು ವರ್ಕ್‌ಶಾಪಿಗೆ ಕಸ ಗುಡಿಸಲು ಸೇರಿ, ಎಂಟು ವರ್ಷದಲ್ಲಿ ಕಬ್ಬಿಣ ಕಡೆಯುವ ಮೆಷಿನ್, ಲೇತು, ಓಡಿಸುವವಳಾದೆ. ಲೇತಿನ ಬಗ್ಗೆ ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಓದಿದ್ದೆ. ಭಾವನವರು ಓದುತ್ತಿದ್ದದ್ದು ಪೇಪರಿನ ದಿನಭವಿಷ್ಯ ಮಾತ್ರ.

ಹಲಸೂರಿನ ನಮ್ಮ ಮನೆಯ ಹಿಂದೆ ಒಂದು ಶೆಡ್ಡಿತ್ತು. ಅಲ್ಲಿ ನನ್ನದೇ ಒಂದು ಹಳೇ ಲೇತು ಇಡಬೇಕೆಂದು ನನ್ನ ಆಸೆ. ಆಯುಧಪೂಜೆಯ ದಿನ ಲೇತು ಓಡಿದರೆ ಶೆಡ್ಡು ನನಗೆ, ಓಡದಿದ್ದರೆ ಲೇತು ಗುಜರಿಗೆ, ಶೆಡ್ಡು ತಮ್ಮ ಸ್ಕೂಟರಿಗೆ ಎಂದು ಭಾವನವರು ಷರತ್ತು ಹಾಕಿದರು. ನಮ್ಮ ಯಜಮಾನರು ಇಬ್ಬರಿಗೂ ತಲೆಯಾಡಿಸಿದರು.

ಗುಜರಿ

ಲೇತು ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ, ವಯಸ್ಸಿನಲ್ಲಿ ನನಗಿಂತ ದೊಡ್ಡದು. "ಇಂಗ್ಲೆಂಡ್ ಮಾಲ್ ಅಮ್ಮಾ, ಏನೂ ಆಗಿಲ್ಲ" ಅಂದರು ಅಂಗಡಿಯ ಸಾಹೇಬರು. ಆಗಿದ್ದೇನೆಂದರೆ, ಅದರ ಮೇಲೆ ಪಾರಿವಾಳ ಗೂಡು ಕಟ್ಟಿತ್ತು. ಸಾಹೇಬರು ಗೂಡನ್ನೂ ಸೇರಿಸಿಯೇ ತೂಕ ಹಾಕಿದರು.

ಗೋಡೆ

ಶೆಡ್ಡಿನ ಬಾಗಿಲಲ್ಲಿ ಲೇತು ಹಿಡಿಸಲಿಲ್ಲ. ಶೆಡ್ಡು ಕಟ್ಟಿದ್ದ ಗಾರೆ ಮೇಸ್ತ್ರಿಯೇ ಬಂದು ಓಣಿ ಕಡೆಯ ಗೋಡೆ ಒಡೆದ. ಒಳಗೆ, ಹಿಂದಿನ ಮೂಲೆಯಲ್ಲಿ, ಭಾವನವರ ಸ್ಕೂಟರು. ಜಾಗ ತಮ್ಮದೆಂದು ತೋರಿಸಲು ಅದನ್ನು ಅಲ್ಲಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಬೀಗದಕೈ ಜೇಬಿಗೆ ಹಾಕಿಕೊಂಡಿದ್ದರು. ತೆಗೀರಿ ಎಂದು ಮೂರು ಸಲ ಕೇಳಿದೆ. "ತೆಗೆಯೋ ದಿನ ಬಂದಾಗ ನಿನ್ನ ಲೇತು ತೆಗಿಯೋಣ ಬಿಡು" ಎಂದು ಹೇಳಿ ಕೋಲಾರಕ್ಕೆ ಮದುವೆಗೆ ಹೋದರು.

ಪೈಪುಗಳ ಮೇಲೆ ಉರುಳಿಸಿ ಲೇತನ್ನು ಸ್ಕೂಟರಿನ ಮುಂದೆ ನಿಲ್ಲಿಸಿದೆವು. ಅಷ್ಟರಲ್ಲಿ ಓಣಿಯ ಮೂರು ಮೇಕೆಗಳು ಒಳಗೆ ಬಂದು, ಪರೀಕ್ಷೆ ಮಾಡಿ, ನನ್ನ ಪುಸ್ತಕದ ಕೊನೆಯ ಅಧ್ಯಾಯ ತಿಂದುಹೋದವು. ಸಂಜೆಗೇ ಗೋಡೆ ಮುಚ್ಚಿಸಿದೆ.

ವಾಟ

ಲೇತಿನಲ್ಲಿ ಕಡೆದು ನೋಡಿದ ಮೊದಲ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಮತ್ತೊಂದು ಮಾಡಿದೆ, ಅದೂ ಹಾಗೇ, ಕ್ಯಾರೆಟ್ಟಿನಂತೆ. ಲೇತು ಸಮವಾಗಿ ಕೂತಿಲ್ಲವೇನೋ ಎಂದು ರಸಮಟ್ಟ ತಂದು ಅದರ ಮೇಲೆ ಇಟ್ಟರೆ ರಸಮಟ್ಟದ ಗುಳ್ಳೆ ನಡುವೆ ನಿಲ್ಲಲೇ ಇಲ್ಲ. ನೆಲದ ಮೇಲೊಂದು ಗೋಲಿ ಬಿಟ್ಟೆ, ಸೀದಾ ಮೂಲೆಗೆ ಓಡಿತು. ಮೇಸ್ತ್ರಿ ನೆಲಕ್ಕೆ ಬಚ್ಚಲಿನಂತೆ ವಾಟ ಕೊಟ್ಟಿದ್ದ. ಕರೆಸಿ ಕೇಳಿದರೆ ಅವನಿಗೇ ಸಿಟ್ಟು.

"ವಾಟ ಇಲ್ದೆ ನೆಲ ಹಾಕಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ ಅಮ್ಮಾ. ನೀರು ಹೋಗೋದು ಹೆಂಗೆ?"

"ಇಲ್ಲಿ ನೀರೆಲ್ಲಿ ಬರುತ್ತಪ್ಪ? ಮೇಲೆ ಶೀಟಿದೆ."

"ಶೀಟು ಹಾಕಿದ್ದೂ ನಾನೇ ಅಮ್ಮಾ. ಸೋರುತ್ತೆ."

ಕೊನೆಗೆ ನಾನೇ ಲೇತಿನ ಕಾಲುಗಳ ಕೆಳಗೆ ಒಂದೊಂದೇ ತಗಡು ತುರುಕಿದೆ. ನಾಲ್ಕು ದಿನಕ್ಕೆ ಗುಳ್ಳೆ ನಡುವೆ ನಿಂತಿತು. ಮತ್ತೆ ಅಲ್ಲಾಡಬಾರದೆಂದು ಬೋಲ್ಟು ಹಾಕಿ ಕಾಂಕ್ರೀಟು ಸುರಿಸಿದೆ.

ಪೂಜೆ

ಆಯುಧಪೂಜೆಗೆ ಓಣಿಯವರೆಲ್ಲ ಬಂದರು. ಭಾವನವರು ಲೇತು ಒಯ್ಯಲೆಂದು ಗುಜರಿಯವನೊಬ್ಬನನ್ನು ಗಾಡಿ ಸಮೇತ ಕರೆತಂದಿದ್ದರು. ಕುಂಬಳಕಾಯಿ ಒಡೆದು ಸ್ವಿಚ್ ಹಾಕಿದೆ. ಲೇತು ಒಮ್ಮೆ ಕೆಮ್ಮಿ, ತಿರುಗಿತು. ಕಬ್ಬಿಣದ ಸಿಪ್ಪೆ ಚಕ್ಕುಲಿಯಂತೆ ಸುರುಳಿ ಸುರುಳಿಯಾಗಿ ಬಿತ್ತು. ಸರಳು ಎರಡು ತುದಿಯಲ್ಲೂ ಒಂದೇ ದಪ್ಪ. ಗುಜರಿಯವನೇ ಮೊದಲು ಚಪ್ಪಾಳೆ ತಟ್ಟಿದ.

ಭಾವನವರು ಗಂಟಲು ಸರಿಮಾಡಿಕೊಂಡರು. "ಸರಿ, ಶೆಡ್ಡು ನಿಂದೇ. ನನ್ನ ಸ್ಕೂಟರ್ ತಗೊಂಡು ಹೋಗ್ತೀನಿ."

ಲೇತಿನ ಪಕ್ಕ ಮನುಷ್ಯ ತೂರಬಹುದು, ಸ್ಕೂಟರಿನ ಹ್ಯಾಂಡಲ್ ತೂರಲ್ಲ. ನೇರ ತಳ್ಳಿದರು, ಓರೆ ಮಾಡಿದರು, ಎತ್ತಲು ನೋಡಿ ಸೊಂಟ ಹಿಡಿದುಕೊಂಡರು. ಗೋಡೆ ಒಡಿ ಅಂದರೆ ಮೇಸ್ತ್ರಿ, ತಾನು ಎರಡು ಸಲ ಕಟ್ಟಿದ್ದನ್ನು ಇನ್ನು ಒಡೆಯಲ್ಲ ಅಂದ. ಕೊನೆಗೆ ನನ್ನ ಕಡೆ ತಿರುಗಿ, ಜೀವನದಲ್ಲಿ ಮೊದಲ ಸಲ ಮೆತ್ತಗೆ ಕೇಳಿದರು. "ಲೇತು ಒಂದು ಗೇಣು ಆ ಕಡೆ ಸರಿಸ್ತೀಯಾಮ್ಮ?"

"ಆಗಲ್ಲ ಭಾವ" ಅಂದೆ. "ರಸಮಟ್ಟ ತಪ್ಪುತ್ತೆ."

ಇವತ್ತು ನನ್ನ ಹತ್ತಿರ ಒಂದು ಶೆಡ್ಡು, ಒಂದು ಲೇತು ಮತ್ತು ಒಂದು ಸ್ಕೂಟರು ಇವೆ. ಶೆಡ್ಡಿಗೆ ಒಂದು ಗೋಡೆ ಖರ್ಚಾಯಿತು, ಲೇತಿಗೆ ನನ್ನ ಎರಡು ಚಿನ್ನದ ಬಳೆ. ಸ್ಕೂಟರಿನ ಖರ್ಚು ಭಾವನವರದು. ಅದರ ಸೀಟು ಮೆತ್ತಗಿದೆ, ಕೂತು ಟೀ ಕುಡಿಯಲು ಹೇಳಿಮಾಡಿಸಿದ ಹಾಗಿದೆ.