ಸ್ಕೇಲು ಮುಗಿದಲ್ಲಿ ನಮ್ಮ ವಾರ್ಡಿನ ಗಡಿ

ಜನರ ಅಭಿಪ್ರಾಯ ಕೇಳುತ್ತೇವೆ ಎಂದು ಯಾರಾದರೂ ಹೊರಟರೆ ಸಾಕು, ನಮ್ಮ ಸೀಮೆಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಕೊಳ್ಳೇಗಾಲದ ನೇಕಾರರ ಮನೆಗೆ ಹಿರಿಸೊಸೆಯಾಗಿ ಬಂದಾಗಿನಿಂದ ನಮ್ಮ ಬೀದಿಯ ಸಭೆಗಳನ್ನೆಲ್ಲ ದಿನಾಂಕ ಹಾಕಿ ಬರೆದಿಡುತ್ತಿದ್ದೇನೆ. ಈ ಸಲದ್ದನ್ನು ಬರೆಯುವಾಗ ಮಾತ್ರ ನಗು ಬಂದಿರಲಿಲ್ಲ. ಈಗ ಓದಿಕೊಂಡರೆ ನಗು ಬರುತ್ತದೆ.

೧. ಗೆರೆ

ವಾರ್ಡುಗಳ ಗಡಿ ಬದಲಾಗುತ್ತದೆ, ಆಕ್ಷೇಪಣೆ ಇದ್ದವರು ಹೇಳಬಹುದು ಎಂದು ನಗರಸಭೆ ಕಚೇರಿಯ ಗೋಡೆಗೆ ನಕ್ಷೆ ಅಂಟಿಸಿದ್ದರು. ಅದನ್ನು ನೋಡಿ ಬಂದ ನನ್ನ ಮೈದುನ ಚಪ್ಪಲಿಯನ್ನೂ ಬಿಡದೆ ನಡುಮನೆಗೆ ನುಗ್ಗಿದ.

"ಅತ್ತಿಗೆ, ನಮ್ ಬೀದಿನ ಎಲ್ಡು ತುಂಡು ಮಾಡವ್ರೆ!"

"ಎಲ್ಲಿ?"

"ಇಟ್ಟಿನ ಗಿರಣಿ ತಾವ. ಇತ್ಲಾಗಿಂದು ನಮ್ ವಾರ್ಡು, ಅತ್ಲಾಗಿಂದು ಮಾರ್ಕೆಟ್ ವಾರ್ಡು."

ಸೀರೆಯ ಉದ್ದದ ನೂಲಿಗೆ ನಾವು ಹಾಸು ಎನ್ನುತ್ತೇವೆ. ಎಳೆಬಿಸಿಲಿನಲ್ಲಿ ಅದನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಎಳೆದು, ತುದಿಯ ಕೋಲುಗಳನ್ನು ಗೂಟಕ್ಕೆ ಬಿಗಿದು, ಗಂಜಿ ಸವರಿ ಒಣಗಿಸಬೇಕು. ಅಷ್ಟು ಹೊತ್ತು ಈ ಬೀದಿಗೆ ಗಾಡಿ ಬಿಡಬಾರದು ಎಂದು ನಮ್ಮ ವಾರ್ಡಿನ ಸಭೆ ಎಂದೋ ಒಪ್ಪಿದೆ. ಮಾರ್ಕೆಟ್ ವಾರ್ಡಿನವರಿಗೆ ಅದೇ ಹೊತ್ತಿನಲ್ಲಿ ತರಕಾರಿ ಗಾಡಿ ಓಡಿಸಲು ದಾರಿ ಬೇಕು. ಅರ್ಧ ಬೀದಿ ಅವರ ಪಾಲಾದರೆ ಹಾಸು ಹಾಕುವಂತಿಲ್ಲ. ಹಾಸಿಲ್ಲದ ಮೇಲೆ ಮನೆಮನೆಯ ಮಗ್ಗವನ್ನು ಬಿಚ್ಚಿ ಸೌದೆಗೆ ಹಾಕಬೇಕು, ಅಷ್ಟೆ.

ನಾನೇ ಕಚೇರಿಗೆ ಹೋದೆ. ಗುಮಾಸ್ತರನ್ನು ಕೇಳಿದೆ: "ಬೀದಿಯ ನಡುವೆ, ಅದೂ ಹಿಟ್ಟಿನ ಗಿರಣಿಯ ಹತ್ತಿರವೇ ಗೆರೆ ನಿಲ್ಲಿಸಲು ಕಾರಣವೇನು? ಜನಸಂಖ್ಯೆಯೋ, ಮತದಾರರ ಲೆಕ್ಕವೋ?"

ಅವರು ನಕ್ಷೆಯ ಹತ್ತಿರ ಬಂದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಅಲ್ಲಿಗೆ ಸ್ಕೇಲು ಮುಗೀತು ಮೇಡಂ."

೨. ಕೈ

ಸಭೆಗೆ ಕರೆ ಬಂತು. ಸಭೆಯ ಹಿಂದಿನ ದಿನ ಹನೂರಿನ ಆಚೆ, ಪಾಲಾರ್ ದಾರಿಯ ಹಳ್ಳಿಯಲ್ಲಿರುವ ನನ್ನ ತಂಗಿ ಫೋನ್ ಮಾಡಿದಳು. ಅವರ ಪಂಚಾಯ್ತಿಯಲ್ಲೂ ಗಡಿಯ ಸಭೆ ಆಗಿತ್ತಂತೆ.

"ಉಸಾರಾಗಿರಕ್ಕಾ. ಇಲ್ಲಿಗೆ ಬಂದಿದ್ದ ಸಾಹೇಬ್ರು, ಒಪ್ಪೋರು ಕೈ ಎತ್ತಿ ಅಂದ್ರು. ಒಬ್ರೂ ಎತ್ನಿಲ್ಲ. ಒಪ್ದೇ ಇರೋರು ಕೈ ಎತ್ತಿ ಅಂದ್ರು. ಆಗ್ಲೂ ಎತ್ನಿಲ್ಲ."

"ಯಾಕೇ?"

"ಯಾಕೆ ಅಂದ್ರೆ? ಎದ್ರುಗಡೆ ಮನೆಯೋರು ಎತ್ಲಿ ಅಂತ ಇವ್ರು, ಇವ್ರು ಎತ್ಲಿ ಅಂತ ಅವ್ರು. ಬಿಸ್ಲು ನೆತ್ತಿಗೆ ಬಂತು. ಸಾಹೇಬ್ರಿಗೆ ರೇಗೋಯ್ತು. ಮನೆಗೋಗಿ ಊಟ ಮಾಡ್ಬೇಕು ಅನ್ನೋರು ಕೈ ಎತ್ತಿ ಅಂದ್ರು ನೋಡು, ಮಕ್ಕಳು ಮರಿ ಎಲ್ಲಾ ಎಲ್ಡೆಲ್ಡು ಕೈ ಎತ್ತುದ್ರು."

"ಆಮೇಲೆ?"

"ಆಮೇಲೇನು, ಅದ್ರ ಫೋಟೋ ತಕಂಡು ಓದ್ರು. ಸರ್ವಾನುಮತ ಅಂತೆ!"

೩. ಮನವಿ

ತಂಗಿಯ ಮಾತನ್ನು ನಾನು ಬೀದಿಯಲ್ಲೆಲ್ಲ ಹೇಳಿ ಎಚ್ಚರಿಸಿದೆ. ಅದು ಅತಿಯಾಯಿತು. ಸಭೆಯಲ್ಲಿ ನಮ್ಮವರೆಲ್ಲ ಕೈಗಳನ್ನು ಕಂಕುಳಿಗೆ ತುರುಕಿಕೊಂಡು, ಚಳಿ ಹಿಡಿದವರಂತೆ ಕೂತರು. ಹಿಂದಿನ ಸಾಲಿನ ಅಜ್ಜ ಸೊಳ್ಳೆ ಹೊಡೆಯಲು ಕೈ ತೆಗೆದರೆ ಪಕ್ಕದವನು ಗಬಕ್ಕನೆ ಹಿಡಿದು ಒಳಗೆ ತಳ್ಳಿದ.

ಅಧಿಕಾರಿ ಚಿಕ್ಕ ವಯಸ್ಸಿನವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. "ನೇಕಾರರ ಬೀದಿಯ ವಿಭಜನೆಗೆ ಆಕ್ಷೇಪಣೆ ಇರುವವರು ಕೈ ಎತ್ತಿ" ಎಂದರು.

ಒಂದು ಕೈಯೂ ಮೇಲೇಳಲಿಲ್ಲ.

"ಆಕ್ಷೇಪಣೆ ಇಲ್ಲ, ಬರ್ಕೊಳ್ಳಿ" ಎಂದು ಗುಮಾಸ್ತರ ಕಡೆ ತಿರುಗಿದರು. ತಟ್ಟನೆ ಎದ್ದು ನಿಂತೆ. ಮನವಿಯನ್ನು ನಾನೇ ಬರೆದಿದ್ದೆ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದ ಕೈ ಅದು. ಅನಾದಿಕಾಲದಿಂದ ಅವಿಚ್ಛಿನ್ನವಾಗಿ ಹರಿದುಬಂದ ವಸ್ತ್ರಪರಂಪರೆಯಿಂದ ಆರಂಭಿಸಿ, ಸಹಬಾಳ್ವೆಯ ಔನ್ನತ್ಯದವರೆಗೆ ಏರುದನಿಯಲ್ಲಿ ಓದಿದೆ. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅಧಿಕಾರಿ ಒಮ್ಮೆಯೂ ತಡೆಯದೆ ಕೇಳಿ, ನನಗೆ ಕೈ ಮುಗಿದರು.

"ಬಹಳ ಚೆನ್ನಾಗಿ ಓದಿದ್ರಿ ಅಮ್ಮಾ. ಈಗ ಹೇಳಿ, ನೀವು ಪರವೋ, ವಿರೋಧವೋ?"

೪. ಬೀಗರ ಸಲಹೆ

ನಾನು ವಿರೋಧ ಎಂದು ಕೂಗಿದ್ದಕ್ಕೆ, ಮಂಗಳವಾರ ಹತ್ತು ಗಂಟೆಗೆ ಸ್ಥಳಕ್ಕೆ ಬಂದು ನೋಡಿ ಅಲ್ಲೇ ತೀರ್ಮಾನಿಸುವುದಾಗಿ ಅವರು ಹೇಳಿದರು. ಇನ್ನೊಂದು ಅವಕಾಶ ಇರಲಿಲ್ಲ. ಸುದ್ದಿ ತಿಳಿದು ನನ್ನ ಮಗನ ಮಾವ, ನಮ್ಮ ಬೀಗರು, ಯಳಂದೂರಿನಿಂದ ಬಂದಿಳಿದರು.

"ನಮ್ಮಲ್ಲೂ ಆಯ್ತು ಕಣ್ರಿ" ಎಂದು ಕಾಫಿ ಹಿಡಿದು ಕೂತರು. "ನೀರಿನ ಟ್ಯಾಂಕು ಎಲ್ಲಾ ವಾರ್ಡಿಗೂ ಬೇಕು, ಬಸ್ ಸ್ಟ್ಯಾಂಡ್ ಪಕ್ಕದ ಕಕ್ಕಸು ಯಾವ್ ವಾರ್ಡಿಗೂ ಬ್ಯಾಡ. ಇಬ್ರು ಮಾಜಿ ಸದಸ್ಯರು ಸಭೇಲೇ ಜಗಳಕ್ಕೆ ಬಿದ್ರು. ನಿಮ್ ವಾರ್ಡೋರೇ ಜಾಸ್ತಿ ಓಗೋದು, ನೀವೇ ಇಟ್ಕೊಳಿ ಅಂತ ಇವನು. ನಮ್ಮೋರು ಓಗೋದು ನಿಮ್ ವಾರ್ಡಲ್ಲಿ ಊಟ ಮಾಡಿದ್ ಮೇಲೇ ಅಂತ ಅವನು!"

ನಮ್ಮ ಯಜಮಾನರಿಗೆ ನಗುವ ಮನಸ್ಸಿರಲಿಲ್ಲ. "ನಾವೇನು ಮಾಡೋದು ಹೇಳಿ ಬೀಗ್ರೆ."

"ಆವತ್ತು ಹಾಸು ಹಾಕ್ಬೇಡಿ. ಬೀದಿ ಬಂದ್ ಮಾಡಿರೋದು ಕಂಡ್ರೆ ಸಾಹೇಬ್ರು ಕೆಂಡ ಆಯ್ತಾರೆ."

ಮೈದುನ ಒಪ್ಪಲಿಲ್ಲ. ಮದುವೆ ಸೀರೆಗಳ ಹಾಸು, ತಡ ಮಾಡುವಂತಿರಲಿಲ್ಲ. ಬೆಳಗಾಗುತ್ತಲೇ ಶುರು ಮಾಡಿ ಒಂಬತ್ತಕ್ಕೆ ಸುತ್ತಿ ಎತ್ತಿಡುವುದೆಂದು ಕೊನೆಗೆ ತೀರ್ಮಾನವಾಯಿತು. ಹತ್ತು ಗಂಟೆ ಎಂದ ಸಾಹೇಬರು ಹನ್ನೆರಡಕ್ಕೆ ಮೊದಲು ಬಂದರೆ ತಮ್ಮ ಅರ್ಧ ಮೀಸೆ ಬೋಳಿಸುವುದಾಗಿ ಬೀಗರು ಪಣ ತೊಟ್ಟರು.

ಮಂಗಳವಾರ ಏಳೂವರೆಗೆ ಜೀಪು ಬಂದು ನಿಂತಾಗ ನಾನು ಮೊದಲು ನೋಡಿದ್ದು ಬೀಗರ ಮೀಸೆಯನ್ನು.

೫. ಗೂಟ

ಬೀದಿಯುದ್ದಕ್ಕೂ ಕೆಂಪು ರೇಷ್ಮೆ ಬಿಗಿದು ನಿಂತಿತ್ತು. ಆಗಷ್ಟೇ ಗಂಜಿ ಸವರಿದ್ದರು. ಜೀಪು ಒಳಗೆ ಬರಲಾಗದೆ ಮಾರ್ಕೆಟ್ ಕಡೆಯ ತುದಿಯಲ್ಲೇ ನಿಂತಿತು. ಅಧಿಕಾರಿ ಇಳಿದರು, ಜೊತೆಗೆ ಟೇಪು ಹಿಡಿದ ಸರ್ವೇಯರ್. ಇಬ್ಬರ ಮುಖವೂ ಗಂಟಿಕ್ಕಿತ್ತು.

"ಯಾರ್ರೀ ಇದು, ಸಾರ್ವಜನಿಕ ರಸ್ತೆ ಮುಚ್ಚಿರೋದು?"

ನಾನು ಸೆರಗು ಸರಿಮಾಡಿಕೊಂಡು ಅತ್ತ ನಡೆದೆ. ಅವರ ಹತ್ತಿರ ಇನ್ನೂ ತಲುಪಿರಲಿಲ್ಲ, ಆ ತುದಿಯ ಗೂಟ ಕರಕ್ ಎಂದು ವಾಲಿತು. ಹಾಸು ಜೋಲು ಬಿತ್ತು. ಹಸಿ ಗಂಜಿಯ ಎಳೆಗಳು ಒಂದಕ್ಕೊಂದು ಅಂಟಿದರೆ ಮುಗಿಯಿತು, ಬಿಡಿಸುವವರಿಲ್ಲ.

"ಇಡ್ಕಳಿ ಸಾ! ಕೋಲು ಇಡ್ಕಳಿ!" ಎಂದು ಈ ತುದಿಯಿಂದ ಮೈದುನ ಕಿರುಚಿದ.

ಗೂಟದ ಪಕ್ಕದಲ್ಲೇ ಇದ್ದವರು ಅಧಿಕಾರಿಯೊಬ್ಬರೇ. ಯೋಚಿಸಲು ಹೊತ್ತಿರಲಿಲ್ಲ. ಎರಡೂ ಕೈಯಲ್ಲಿ ಹಾಸಿನ ಕೋಲು ಹಿಡಿದು ಹಿಂದಕ್ಕೆ ಎಳೆದು ನಿಂತರು. ಸರ್ವೇಯರ್ ಟೇಪು ಬಿಸಾಕಿ ಅವರ ಸೊಂಟ ಹಿಡಿದುಕೊಂಡ.

"ಬುಡಬ್ಯಾಡಿ ಸಾ! ಇನ್ನೂ ವಸಿ ಎಳೀರಿ!" ಬೀದಿಯೆಲ್ಲ ಕೂಗು. ಬಿಳಿ ಅಂಗಿಗೆ ಗಂಜಿ, ಹಣೆಯಲ್ಲಿ ಬೆವರು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು.

"ಅಮ್ಮಾ, ಬಿಡಲಾ?"

"ಬಿಟ್ಟರೆ ಮೂರು ಮದುವೆ ನಿಲ್ಲುತ್ತೆ ಸಾರ್!"

ಅಷ್ಟರಲ್ಲಿ ಅವರ ಬೆನ್ನ ಹಿಂದೆ ಕೋಸು ತುಂಬಿದ ಆಟೋ ಬಂದು ಹಾರ್ನ್ ಹೊಡೆಯಿತು. ಒಮ್ಮೆ, ಇನ್ನೊಮ್ಮೆ. ಆಟೋದವನು ತಲೆ ಹೊರಗೆ ಹಾಕಿ, "ಸೈಡ್ ಬಿಡ್ರಿ, ಇದೇನು ನಿಮ್ಮಪ್ಪನ ರಸ್ತೆನಾ?" ಎಂದ.

ಅಧಿಕಾರಿ ಕೋಲು ಬಿಡದೆ ಕತ್ತು ಮಾತ್ರ ತಿರುಗಿಸಿ ಗುಡುಗಿದರು: "ಯಾವನಲೇ ಅವನು! ನೂಲು ಕಾಣಲ್ವಾ? ಬೆಳಿಗ್ಗೆ ಹೊತ್ತು ಈ ಬೀದಿಗೆ ಗಾಡಿ ಬಿಡಬಾರದು ಅಂತ ಗೊತ್ತಿಲ್ವಾ? ತಗಿ ಹಿಂದಕ್ಕೆ!"

ಆಟೋ ಹಿಂದೆ ಸರಿಯಿತು. ಇದೇ ಸಮಯ ಎಂದು ನನಗೆ ಹೊಳೆಯಿತು. ಈ ಸಲ ಪ್ರಬಂಧ ಬೇಡ ಎಂದುಕೊಂಡು ಚಿಕ್ಕದಾಗಿ ಕೇಳಿದೆ.

"ಸಾರ್, ನೀವು ನಿಂತಿರುವುದು ಹೊಸ ನಕ್ಷೆಯಲ್ಲಿ ಮಾರ್ಕೆಟ್ ವಾರ್ಡು. ನಾಳೆಯಿಂದ ಆಟೋವನ್ನು ಹಿಂದಕ್ಕೆ ಕಳಿಸುವವರು ಯಾರು?"

"ಅಮ್ಮಾ, ನಾನು ನಿಂತಿರೋ ತನಕ ಎಲ್ಲಾ ನಿಮ್ದೇ ವಾರ್ಡು ಕಣಮ್ಮಾ! ಮೊದ್ಲು ಗೂಟ ಹೊಡ್ಸಿ!"

ಆ ಹೊತ್ತಿಗೆ ಓಡಿ ಬಂದಿದ್ದ ಮೈದುನ ಗೂಟ ಹೊಡೆದು ಕೋಲು ಬಿಗಿದ. ಒಂದು ಎಳೆಯೂ ಅಂಟಿರಲಿಲ್ಲ. ಅಧಿಕಾರಿ ಕೆಂಪಾದ ಅಂಗೈಗಳನ್ನು ನೋಡಿಕೊಳ್ಳುತ್ತ ನಮ್ಮ ಜಗುಲಿಯ ಮೇಲೆ ಕೂತು, ಎರಡು ಲೋಟ ಮಜ್ಜಿಗೆ ಕುಡಿದು, ತೀರ್ಮಾನ ಹೇಳದೆಯೇ ಜೀಪು ಹತ್ತಿದರು. ಅಳೆಯುವ ಟೇಪು ನಮ್ಮ ಬೀದಿಯಲ್ಲೇ ಉಳಿದಿತ್ತು. ಮಾರನೆಯ ದಿನ ಕಳಿಸಿಕೊಟ್ಟೆವು.

ಹೊಸ ನಕ್ಷೆ ಗೋಡೆಗೆ ಬಂದ ದಿನ ಯಜಮಾನರು, ಮೈದುನ, ನಾನು ಮೂವರೂ ಹೋದೆವು. ನಮ್ಮ ಬೀದಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣದಲ್ಲಿತ್ತು. ಮಾರ್ಕೆಟ್ ಕಡೆಯವರೊಬ್ಬರು ನಮಗಿಂತ ಮೊದಲೇ ಬಂದು ಗುಮಾಸ್ತರ ಮೇಲೆ ರೇಗುತ್ತಿದ್ದರು.

"ಮೊದ್ಲು ಗಿರಣಿ ತಾವ ಇತ್ತಲ್ರೀ ಗೆರೆ! ಈಗ ಕೊನೇ ಗೂಟದ ತಂಕ ಯಾಕೆ ಓಯ್ತು?"

ಗುಮಾಸ್ತರು ಕನ್ನಡಕ ಏರಿಸಿ ನಕ್ಷೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಲ್ಲಿಗೆ ನೂಲು ಮುಗೀತು ಸಾ."