ಬೋಳು ಪಂಜರದ ಇಲಿಗಳು

ಆಲ್ಗೊಟ್‌ನ ಗ್ರಹಚಾರ ಕೆಟ್ಟದ್ದು ಒಂದು ಇಲಿಯ ಮಿದುಳಿನಿಂದ. ಗುರುವಾರ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನೇ, "ಅಯ್ಯಯ್ಯೋ, ಎಲ್ಲಾ ಹಸಿರು!" ಎಂದು ಕೂಗಿಕೊಂಡ.

ಅಷ್ಟು ಹಸಿರು ಅಲ್ಲಿರಬಾರದಿತ್ತು. ಬೆಳೆದ ಇಲಿಯ ಮಿದುಳಿನಲ್ಲೂ ಹೊಸ ನರಕೋಶಗಳು ಹುಟ್ಟುತ್ತವೆ. ಹುಟ್ಟಿದ ಕೋಶ ಕೈಚಾಚಿ ಹಳೆಯ ಕೋಶಗಳ ಜೊತೆ ನಂಟು ಬೆಳೆಸಬೇಕು. ಕೆಲವು ವಾರಗಳಲ್ಲಿ ಯಾರೂ ಮಾತಾಡಿಸದಿದ್ದರೆ ಸತ್ತೇಹೋಗುತ್ತದೆ. ಉತ್ತರದ ಹಿಮದ ಸೀಮೆಯ ಊಮಿಯೊ ಊರಿನ ಸಂಶೋಧನಾ ವಿಭಾಗದಲ್ಲಿ ಈ ವಿಷಯ ಆಲ್ಗೊಟ್‌ನಷ್ಟು ಚೆನ್ನಾಗಿ ಯಾರಿಗೂ ಅರ್ಥವಾಗಿರಲಿಲ್ಲ. ಅವನೂ ಎಷ್ಟೋ ವರ್ಷಗಳಿಂದ ತಾತ್ಕಾಲಿಕ ನೌಕರನಾಗಿ ಹಳಬರ ಬಾಗಿಲಲ್ಲಿ ಕೈಚಾಚಿಕೊಂಡೇ ನಿಂತಿದ್ದ.

ಪ್ರಯೋಗ ಸರಳವಾಗಿತ್ತು. ಅರ್ಧ ಇಲಿಗಳಿಗೆ ಚಕ್ರ, ಏಣಿ, ಸುರಂಗ ಎಲ್ಲಾ ಇರುವ ವೈಭವದ ಪಂಜರ. ಇನ್ನರ್ಧಕ್ಕೆ ಬೋಳು ಪಂಜರ. ಆಡುವ ಇಲಿಗಳಲ್ಲಿ ಹೊಸ ಕೋಶಗಳು ಬದುಕಿ, ಗುರುತಿಗೆ ಹಾಕಿದ ಬಣ್ಣದಿಂದ ಹಸಿರಾಗಿ ಹೊಳೆಯಬೇಕು, ಬೋಳು ಪಂಜರದವುಗಳಲ್ಲಿ ಬಹುಪಾಲು ಸಾಯಬೇಕು. ಈ ವ್ಯತ್ಯಾಸವನ್ನು ಮಧ್ಯಾಹ್ನದ ಸಭೆಗೆ ತೋರಿಸಿದರೆ ಆಲ್ಗೊಟ್‌ಗೆ ಖಾಯಂ ಹುದ್ದೆ, ಇಲ್ಲದಿದ್ದರೆ ಮನೆಯ ದಾರಿ. ಈಗ ನೋಡಿದರೆ ಬೋಳು ಪಂಜರದ ಮಿದುಳೂ ಜೂನ್ ತಿಂಗಳ ಹುಲ್ಲುಗಾವಲಿನ ಹಾಗೆ ನಳನಳಿಸುತ್ತಿತ್ತು.

ಇಲಿಗಳನ್ನು ನೋಡಿಕೊಳ್ಳುವ ಗುನ್ವೊರ್ ಬಳಿಗೆ ಓಡಿದ. "ಬೋಳು ಪಂಜರದಲ್ಲಿ ಏನಾದ್ರೂ ಇಟ್ಟಿದ್ಯಾ?"

"ಇಲ್ಲಪ್ಪ, ಏನೂ ಇಲ್ಲ." ಸ್ವಲ್ಪ ತಡೆದು, "ಒಂದೇ ಒಂದು ಚಕ್ರ ಇಟ್ಟೆ. ಪಕ್ಕದ ಪಂಜರದವು ಗಿರಗಿರ ಸುತ್ತೋದನ್ನ ಇವು ಪಿಳಿಪಿಳಿ ನೋಡ್ತಾ ಕೂತಿರ್ತಿದ್ವು ಕಣೋ. ಕರುಳು ಚುರುಕ್ ಅನ್ನಲ್ವಾ?"

"ಅನ್ನಬಾರ್ದು ಮಾರಾಯ್ತಿ! ಪ್ರಯೋಗನೇ ಅದು!"

"ಥೂ, ನಿಂದೂ ಒಂದು ಮನಸ್ಸಾ!"

ಮಿದುಳನ್ನು ತೆಳ್ಳಗೆ ಸೀಳುವ ಕೆಲಸದ ರೂನೆ ಹೆಮ್ಮೆಯಿಂದಲೇ ಒಪ್ಪಿಕೊಂಡ. "ರಟ್ಟಿನ ಸುರಂಗ ನಂದು. ಚಕ್ರ ಇದೆ, ಸುರಂಗ ಇಲ್ಲ ಅಂದ್ರೆ ಅನ್ಯಾಯ ಅಲ್ವಾ?" ಲೆಕ್ಕ ಬರೆದುಕೊಳ್ಳುವ ಮಾರಿತ್ ಏಣಿ ಇಟ್ಟಿದ್ದಳು. ಹುಡುಕಿ ತಿನ್ನಲೆಂದು ಸೂರ್ಯಕಾಂತಿ ಬೀಜ ಬೇರೆ ಬಚ್ಚಿಟ್ಟಿದ್ದಳು.

"ಒಬ್ಬರಾದ್ರೂ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಆಲ್ಗೊಟ್‌ಗೆ ಅಳುವೇ ಬಂತು.

"ಕೇಳಿದ್ವಲ್ಲೋ!" ಎಂದಳು ಮಾರಿತ್. "ಕಾಫಿ ಹೊತ್ತಲ್ಲಿ ಚರ್ಚೆ ಆಗಿ, ಎಲ್ಲಾ ಇಲಿಗೂ ಒಂದೇ ಸೌಲಭ್ಯ ಅಂತ ಒಮ್ಮತದಿಂದ ತೀರ್ಮಾನ ಆಯ್ತು. ನೀನೂ 'ಶ್ಶುಪ್' ಅಂದೆ."

ಆ ಉತ್ತರದ ಸೀಮೆಯ ಜನ 'ಹೌದು' ಎನ್ನುವುದಕ್ಕೂ ಬಾಯಿ ತೆರೆಯುವುದಿಲ್ಲ. ತುಟಿ ಚೂಪು ಮಾಡಿ ಉಸಿರನ್ನು ಶ್ಶುಪ್ ಎಂದು ಒಳಗೆಳೆದುಕೊಂಡರೆ ಒಪ್ಪಿದಂತೆ. ಮದುವೆಗಳೂ ಹಾಗೇ ಆಗಿಹೋಗಿವೆ.

"ಕಾಫಿ ಸುಡ್ತಾ ಇತ್ತು ಕಣ್ರೇ! ನಾಲಿಗೆ ಬೆಂದು ಉಸಿರೆಳ್ಕೊಂಡೆ!"

"ಅದೆಲ್ಲ ನಮಗೇನ್ ಗೊತ್ತು? ಶ್ಶುಪ್ ಅಂದ್ರೆ ಶ್ಶುಪ್ಪೇ," ಎಂದ ರೂನೆ.

ಮಧ್ಯಾಹ್ನ ಸಭೆ ಸೇರಿತು. ಯಾವುದೋ ಹಳೆಯ ಮಿದುಳಿನ ಚಿತ್ರ ತೋರಿಸಿ ಪಾರಾಗೋಣ ಎಂದು ಆಲ್ಗೊಟ್ ಮನಸ್ಸು ಮಾಡಿದ್ದ. ಆದರೆ ಮೂವರೂ ಮುಂದಿನ ಸಾಲಿನಲ್ಲೇ ಕೂತು, ಮಗುವನ್ನು ಮೊದಲ ಸಲ ವೇದಿಕೆ ಹತ್ತಿಸಿದ ತಾಯಂದಿರ ಹಾಗೆ ಇವನತ್ತ ತಲೆಯಾಡಿಸುತ್ತಿದ್ದರು. ಬಾಯಿ ತಪ್ಪಿ ನಿಜವೆಲ್ಲ ಹೊರಗೆ ಬಂತು. ಚಕ್ರ, ಸುರಂಗ, ಏಣಿ, ಬೀಜ, ಒಂದನ್ನೂ ಬಿಡಲಿಲ್ಲ.

ಮುಖ್ಯಸ್ಥೆ ಸೊಲ್ವೆಯ್ ಕನ್ನಡಕ ಸರಿಮಾಡಿಕೊಂಡು ಎದ್ದು ನಿಂತಳು.

"ಬೋಳು ಪಂಜರದಲ್ಲೂ ಇಷ್ಟು ಚೆನ್ನಾಗಿ ನಂಟು ಬೆಳೆದಿದೆ ಅಂದ್ರೆ, ಯಾರಿಗೂ ಭೇದ ಮಾಡಿಲ್ಲ ಅಂತಾಯ್ತು. ನಂಗೆ ತುಂಬಾ ಸಂತೋಷ. ಆಲ್ಗೊಟ್, ನೀನು ಖಾಯಂ!"

ಚಪ್ಪಾಳೆ ಬಿತ್ತು. ಆಲ್ಗೊಟ್ ಕಣ್ಣೊರೆಸಿಕೊಂಡ. ಇನ್ನು ಮುಂದೆ ತಾನೂ ಇವರವನೇ ಎಂದುಕೊಂಡ.

"ಆದ್ರೆ," ಎಂದಳು ಸೊಲ್ವೆಯ್, "ಇಲಿಗಳನ್ನ ಸಾಕಿದ್ದು ನಾಲ್ಕು ಜನ. ಒಬ್ಬನಿಗೇ ಪೂರ್ತಿ ಕೊಟ್ರೆ ಅನ್ಯಾಯ ಆಗುತ್ತೆ. ಹುದ್ದೆ ನಾಲ್ಕು ಪಾಲು. ಈ ಮೂವರಿಗೂ ಈಗಿರೋದು ಅರ್ಧರ್ಧ ಹುದ್ದೆ, ಇನ್ಮೇಲೆ ಮುಕ್ಕಾಲು ಆಯ್ತು. ನಿಂಗೆ ಕಾಲು."

"ಕಾಲಾ? ತಾತ್ಕಾಲಿಕದಲ್ಲಿ ನಂಗೆ ವಾರ ಪೂರ್ತಿ ಕೆಲಸ ಇತ್ತಲ್ಲ!"

"ಅದು ತಾತ್ಕಾಲಿಕ ಕಣಪ್ಪ. ಇದು ಖಾಯಂ. ಸೋಮವಾರ ಬಾ, ಮಂಗಳವಾರ ಒಂದ್ ಗಳಿಗೆ ಮುಖ ತೋರ್ಸು, ಮಿಕ್ಕಿದ್ ದಿನ ಆರಾಮಾಗಿರು."

ಗುನ್ವೊರ್ ಓಡಿಬಂದು ಅವನನ್ನು ಅಪ್ಪಿಕೊಂಡಳು. "ಖಾಯಂ ಆದೋರೇ ಎಲ್ಲರಿಗೂ ಕೇಕ್ ತರ್ಬೇಕು, ಗೊತ್ತಲ್ಲ? ನಾಳೆ ಶುಕ್ರವಾರ, ಮರೀಬೇಡ."

"ನಾಲ್ಕೂ ಜನ ಸೇರಿ ತರೋಣ."

"ನಾವು ಯಾವಾಗ್ಲೋ ಖಾಯಂ ಕಣೋ!"

"ನಾಳೆ ನನ್ನ ಕೆಲಸದ ದಿನಾನೂ ಅಲ್ವಲ್ಲ!"

"ಕೆಲಸಕ್ಕೆ ಯಾರು ಕರೆದ್ರು? ಕೇಕ್ ಕೊಟ್ಟು ಹೋಗು," ಎಂದಳು ಗುನ್ವೊರ್. "ಮತ್ತೆ ನೋಡು, ಕಾಲು ಕೇಕ್ ಹಿಡ್ಕೊಂಡ್ ಬಂದೀಯ! ಪೂರ್ತಿ ತರ್ಬೇಕು."