ಹಿಮಾಯತ್‌ನಗರದ ಭಾನುವಾರದ ಪಾಠಕ್ಕೆ ಸಂದ ಸನ್ಮಾನ

ನಮ್ಮ ಮನೆತನ ಹೈದರಾಬಾದಿಗೆ ಬಂದದ್ದು ನಿಜಾಮರ ಕಾಲದಲ್ಲಿ. ಮುತ್ತಜ್ಜ ಗುಲ್ಬರ್ಗಾ ಕಡೆಯಿಂದ ಬಂದು ಇಲ್ಲಿ ವಕೀಲರಾದರು. ಅಜ್ಜನೂ ವಕೀಲರೇ, ಅವರು ಕೋರ್ಟಿಗೆ ಹೊರಟರೆ ಬೀದಿಯ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ತಂದೆಯವರು ಸರಕಾರಿ ಇಂಜಿನಿಯರ್. ಅವರು ನಿಂತು ಕಟ್ಟಿಸಿದ ಸೇತುವೆಗಳು ಇನ್ನೂ ನಿಂತಿವೆ. ನನ್ನನ್ನು ಅವರು ಕಾನ್ವೆಂಟಿಗೆ ಸೇರಿಸಿದರು. ನಮ್ಮ ಮನೆಯವರನ್ನು ನೋಡಿ ಹೊರಗಿನವರು ನಕ್ಕದ್ದನ್ನು ನಾನು ಕೇಳಿಲ್ಲ. ಹಾಗಿದ್ದೂ ನಮ್ಮ ವರಾಂಡದಲ್ಲಿ ಭಾನುವಾರದ ಪಾಠ ಶುರುವಾದ ಮೇಲೆ ನಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇದೆ. ಬೇರೆಯವರ ಬಾಯಲ್ಲಿ ಅವು ಕೆಡುವ ಮೊದಲು, ನಡೆದದ್ದನ್ನು ನಡೆದ ಹಾಗೆ ನಾನೇ ಬರೆಯುತ್ತೇನೆ.

ಪಾಠ ಯಾಕೆ ಶುರುವಾಯಿತು ಅನ್ನುವುದನ್ನೂ ಹೇಳಬೇಕು. ನಾನು ಚಿಕ್ಕವಳಿದ್ದಾಗ ನಮ್ಮ ಗಲ್ಲಿಯಲ್ಲಿ ಬಂಗಲೆಗಳಿದ್ದವು. ಒಂದೊಂದು ಅಂಗಳದಲ್ಲೂ ಸೀತಾಫಲದ ಗಿಡ. ಎದುರುಮನೆಯಲ್ಲಿ ಒಬ್ಬ ಪಾರ್ಸಿ ಹೆಂಗಸು ನಮಗೆ ಪಿಯಾನೊ ಕಲಿಸುತ್ತಿದ್ದರು. ಬೆರಳು ತಪ್ಪಿದರೆ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು, ಮುಗಿದ ಮೇಲೆ ಬಿಸ್ಕತ್ತು ಕೊಡುತ್ತಿದ್ದರು. ಆ ಮನೆಗಳೆಲ್ಲ ಹೋಗಿ ಈಗ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಕಟ್ಟುವವರು ಯಾದಗಿರಿ, ರಾಯಚೂರು ಕಡೆಯ ನಮ್ಮ ಕನ್ನಡದ ಜನ. ಅವರ ಮಕ್ಕಳು ಸರಕಾರಿ ಕಾಲೇಜಿನಲ್ಲಿ ಇಂಟರ್, ಅಂದರೆ ಕರ್ನಾಟಕದ ಪಿಯುಸಿ, ಮುಗಿಸುತ್ತಾರೆ, ಮುಂದೆ ಡಿಗ್ರಿಗೆ ಹೋಗುವ ದಾರಿ ಹೇಳುವವರಿಲ್ಲ. ಒಂದು ಸಂಜೆ ಇಬ್ಬರು ಹುಡುಗಿಯರು ನಮ್ಮ ಗೇಟಿನ ಬಳಿ ನಿಂತು ಕನ್ನಡದಲ್ಲಿ ಇದನ್ನೇ ಮಾತಾಡಿಕೊಳ್ಳುತ್ತಿದ್ದರು. ಒಳಗೆ ಕರೆದೆ. ಮುಂದಿನ ಭಾನುವಾರ ಅವರು ಇಡೀ ಗುಂಪನ್ನೇ ಕರೆತಂದರು.

ಕುರ್ಚಿಯ ತುದಿ

ನಾನು ಕಾಲೇಜಿಗೆ ಸೇರುವಾಗ ಮದರ್ ಪ್ರಿನ್ಸಿಪಾಲರು ಉದ್ದ ಮೇಜಿನ ಹಿಂದೆ ಕೂತು ಒಬ್ಬೊಬ್ಬರನ್ನೇ ಕರೆಸಿ ಮಾತಾಡಿಸುತ್ತಿದ್ದರು. ಬಾಗಿಲು ಎಷ್ಟು ಮೆಲ್ಲಗೆ ತಟ್ಟಿದೆವು, ಕುರ್ಚಿಗೆ ಬೆನ್ನು ಒರಗಿಸಿದೆವೋ ಇಲ್ಲವೋ, ಎಲ್ಲವನ್ನೂ ನೋಡುತ್ತಿದ್ದರು. ಆದ್ದರಿಂದ ಮೊದಲ ಬೇಸಿಗೆಯೆಲ್ಲ ನಾನು ಮಕ್ಕಳಿಗೆ ಅದನ್ನೇ ಕಲಿಸಿದೆ. ವರಾಂಡದಲ್ಲಿ ಒಂದು ಕುರ್ಚಿ. ಬಾಗಿಲು ತಟ್ಟಬೇಕು, ಅಪ್ಪಣೆ ಕೇಳಬೇಕು, ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂರಬೇಕು, ಕರ್ಚೀಫು ಎಡಗೈಯಲ್ಲಿರಬೇಕು.

ಕಾಲೇಜಿಗೆ ಸೇರಲು ಮೊದಲು ಹೋದ ಹುಡುಗಿ ಮಧ್ಯಾಹ್ನವೇ ವಾಪಸಾದಳು. ಕಾಲೇಜಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲವಂತೆ. ಎಲ್ಲ ಕಂಪ್ಯೂಟರಿನಲ್ಲಂತೆ. ಯಾವ ಕಾಲೇಜು ಬೇಕೆಂದು ನಾವೇ ಒತ್ತಬೇಕಂತೆ, ಸೀಟು ಬಂದರೆ ಫೋನಿಗೆ ಸುದ್ದಿ ಬರುತ್ತದಂತೆ. ಮುಖ ನೋಡದೆ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲೇಜು ಎಂಥದು ಎಂದು ಕೇಳಿದೆ.

"ಮತ್ತೆ ನಿನ್ನ ಕೆಲಸ?"

"ಆತ್ರಿ ಅಕ್ಕೋರ," ಅಂದಳು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಮೇಡಂ ಅನ್ನಿ ಎಂದು ತಿದ್ದಿ ತಿದ್ದಿ ನಾನೇ ಸೋತಿದ್ದೆ. ಅವಳು ಇಂಟರ್‌ನೆಟ್ ಅಂಗಡಿಗೆ ಹೋಗಿದ್ದಾಳೆ. ಅಲ್ಲಿ ಗದ್ದಲವೋ ಗದ್ದಲ. ಇವಳು ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೇಳಿ, ಕರ್ಚೀಫು ಹಿಡಿದು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ಅಂಗಡಿಯವನು ಯಾವುದೋ ಆಫೀಸಿನಿಂದ ತನಿಖೆಗೆ ಬಂದವಳೆಂದು ಹೆದರಿ, ಎಲ್ಲರನ್ನೂ ಬಿಟ್ಟು ಇವಳ ಕೆಲಸ ಮೊದಲು ಮಾಡಿ, ಚಹಾ ತರಿಸಿದ್ದಾನೆ.

ಕುರ್ಚಿಯ ಪಾಠವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಗೇಟು

ಕಾಲೇಜೆಂದರೆ ಆ ಮಕ್ಕಳಿಗೆ ಒಂದು ಥರ ಅಂಜಿಕೆ. ಒಮ್ಮೆ ಒಳಗೆ ಹೋಗಿ ನೋಡಿ ಬಂದರೆ ಹೋದೀತು ಎಂದು, ಒಂದು ಬೆಳಿಗ್ಗೆ ಹುಡುಗಿಯರನ್ನು ನಾನು ಓದಿದ ಕಾಲೇಜಿಗೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿದೆ: ಆ ಗೇಟಿನಲ್ಲಿ ನಮ್ಮ ತಂದೆಯವರ ಕಾರಿಗೆ ಸಲಾಮು ಬೀಳುತ್ತಿತ್ತು, ಗಡಿಯಾರದ ಕೆಳಗಿನ ಮೆಟ್ಟಿಲ ಮೇಲೆ ನಾವು ಟಿಫಿನ್ ಡಬ್ಬಿ ಬಿಚ್ಚುತ್ತಿದ್ದೆವು, ಅಲ್ಲಿ ನನ್ನ ಹೆಸರು ಹೇಳಿದರೆ ಸಾಕು. ಹುಡುಗಿಯರು ಹೂಂ ಹೂಂ ಅಂದರು.

ವಾಚ್‌ಮನ್‌ಗೆ ನನ್ನ ಹೆಸರು ಹೇಳಿದೆ. ತಂದೆಯವರ ಹೆಸರನ್ನೂ ಹೇಳಿದೆ. ಪಾಸ್ ಇಲ್ಲದೆ ಬಿಡುವುದಿಲ್ಲ ಎಂದು ಅವನು ತೆಲುಗಿನಲ್ಲಿ ಹೇಳಿ ಬೇರೆ ಕಡೆ ನೋಡಿದ. ನಾನು ಉರ್ದುವಿನಲ್ಲಿ ಹೇಳಿದೆ. ಅದಕ್ಕೂ ಅದೇ ಉತ್ತರ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಅವನ ಮುಖವನ್ನೇ ನೋಡಿ, "ಕಾಕಾ, ನೀವು ಶಹಾಪುರದವ್ರಲ್ಲೇನ್ರಿ?" ಅಂದಳು.

ಅವನ ಮುಖ ಅರಳಿತು. ಯಾರ ಮಗಳು, ಯಾವ ಓಣಿ ಎಂಬ ವಿಚಾರಣೆ ನಡೆಯಿತು. ಅವಳ ಅಜ್ಜಿಯೂ ಇವನ ತಾಯಿಯೂ ಒಂದೇ ಬಾವಿಯಿಂದ ನೀರು ತಂದವರು ಎಂದು ತೀರ್ಮಾನವಾಯಿತು. ಗೇಟು ತೆರೆಯಿತು. ಹುಡುಗಿಯರೆಲ್ಲ ಒಳಗೆ ಹೋದರು. ನಾನು ಹೆಜ್ಜೆ ಇಟ್ಟಾಗ ಅವನು ಕೈ ಅಡ್ಡ ಹಿಡಿದು, "ಇವ್ರು ಯಾರು?" ಅಂದ.

ಹುಡುಗಿ ತಿರುಗಿ ನೋಡಿ, "ಅವ್ರು ನಮ್ ಜೋಡಿ ಬಂದಾರ್ರಿ ಕಾಕಾ, ಬಿಡ್ರಿ ಪಾಪ," ಅಂದಳು.

ಬೋರ್ಡಿಲ್ಲದ ಸಾಲಿ

ಗೇಟು ತೆರೆಸಿದ ಆ ಹುಡುಗಿಯ ತಂದೆ ಮೇಸ್ತ್ರಿ. ನಾನು ಪಿಯಾನೊ ಕಲಿತ ಮನೆಯಿದ್ದ ಜಾಗದಲ್ಲಿ ಈಗ ಏಳುತ್ತಿರುವ ಅಪಾರ್ಟ್‌ಮೆಂಟನ್ನು ಕಟ್ಟಿಸುತ್ತಿರುವವನು ಅವನೇ. ಹುಡುಗಿ ಇಂಟರಿನಲ್ಲಿ ಒಳ್ಳೆಯ ಅಂಕ ತಗೊಂಡಿದ್ದಳು, ನಾವು ನೋಡಿ ಬಂದ ಕಾಲೇಜಿನಲ್ಲೇ ಸೀಟೂ ಬಂದಿತ್ತು. ಹೋಗಿ ಸೇರುವುದಷ್ಟೇ ಬಾಕಿ. ಆಗ ಅವಳು ಒಂದು ಭಾನುವಾರ ಅಳುಮುಖ ಮಾಡಿಕೊಂಡು ಬಂದಳು. ಮೇಸ್ತ್ರಿಯ ತಂಗಿ ತನ್ನ ಮಗನಿಗೆ ಇವಳನ್ನು ಕೇಳಿದ್ದಾಳೆ. ಹದಿನೆಂಟು ತುಂಬಿತು, ಇನ್ನು ಕಾಲೇಜು ಯಾತಕ್ಕೆ ಎಂದಿದ್ದಾಳೆ.

ಮೇಸ್ತ್ರಿಯನ್ನು ಕರೆಸಿದೆ. ಚಪ್ಪಲಿ ಕಳಚಿ, ಸಿಮೆಂಟಿನ ಕಾಲು ಅಂತ ವರಾಂಡದ ಮೆಟ್ಟಿಲ ಕೆಳಗೇ ನಿಂತ. ಹುಡುಗಿ ಬುದ್ಧಿವಂತೆ, ಓದಿಸಲೇಬೇಕು ಎಂದೆ. ಅವನು ಸುತ್ತ ನೋಡಿದ.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಾವು ಎರಡು ಮಾಳಿಗಿ ಕಟ್ಟಿದ್ರೂ ಮುಂದ ಪರ್ಮಿಷನ್ ಬೋರ್ಡ್ ಹಾಕ್ತೀವ್ರಿ. ನಿಮ್ಮ ಸಾಲಿಗೆ ಬೋರ್ಡೂ ಇಲ್ಲ, ಮಾನ್ಯತಾನೂ ಇಲ್ಲ. ತಂಗಿಗೆ ನಾ ಏನಂತ ಹೇಳ್ಲಿ?"

ನಾನು ಎಲ್ಲಿ ಓದಿದೆ ಎಂದು ಹೇಳಿದೆ. ಅಜ್ಜನವರ ವಿಷಯವನ್ನೂ ಹೇಳಿದೆ. ಅವನು ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿದ. ಕೊನೆಗೆ, ನಾಲ್ಕು ಮಂದಿಯ ಎದುರು ಯಾರಾದರೂ ನಿಮ್ಮ ಪಾಠವನ್ನು ಒಪ್ಪಿದರೆ ನಾನೂ ಒಪ್ಪುತ್ತೇನೆ, ತಂಗಿಗೂ ಹೇಳುತ್ತೇನೆ ಅಂದ.

ಆ ದಿನಗಳಲ್ಲೇ ಊರಿನ ಒಂದು ಕನ್ನಡ ಸಂಘ, ಮಕ್ಕಳನ್ನು ಕಾಲೇಜಿಗೆ ಮುಟ್ಟಿಸುವ ಕಾರ್ಯಕ್ರಮಗಳನ್ನು ಗುರುತಿಸಿ ಸನ್ಮಾನ ಮಾಡುವುದಾಗಿ ಪ್ರಕಟಿಸಿತ್ತು. ಬಯಸುವವರು ತಿಳಿಸಬೇಕಂತೆ. ನಮ್ಮ ಮನೆತನದವರನ್ನು ಸನ್ಮಾನಕ್ಕೆ ಕರೆಯುತ್ತಾರೆ. ನಾವಾಗಿ ಕೇಳಿಕೊಂಡು ಹೋದದ್ದಿಲ್ಲ. ಹುಡುಗಿಯ ಮುಖ ನೋಡಿ ನಾನೇ ಫೋನು ಮಾಡಿದೆ. ಕಾರ್ಯದರ್ಶಿಗಳು, "ಆಂಟಿ, ಸ್ವಲ್ಪ ಜೋರಾಗಿ ಮಾತಾಡಿ," ಅಂದರು. ನನಗೆ ಜೋರಾಗಿ ಮಾತಾಡು ಎಂದ ಮೊದಲ ಮನುಷ್ಯ ಅವರು.

ತಪಾಸಣೆ

ಕಾರ್ಯದರ್ಶಿಗಳು ಭಾನುವಾರ ಬೆಳಿಗ್ಗೆ ನೋಡಲು ಬಂದರು. ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾದ ಮೈಸೂರಿನ ಕಡೆಯವರು, ನಯವಾದ ಮಾತು. ಮಕ್ಕಳು ಬಾಗಿಲು ತಟ್ಟಿದ್ದನ್ನು, ಕೂತದ್ದನ್ನು, ಎದ್ದದ್ದನ್ನು ನೋಡಿದರು. ಯಾವ ಕಾಲೇಜಿನಲ್ಲಿ ಯಾವ ವಿಷಯವಿದೆ, ವಿದ್ಯಾರ್ಥಿವೇತನ ಯಾರಿಗೆ ಸಿಗುತ್ತದೆ ಎಂಬ ಪಾಠವನ್ನೂ ಕೇಳಿದರು. ಎಲ್ಲ ಸರಿಯಾಗಿತ್ತು.

ಮಕ್ಕಳು ಬೆಳಿಗ್ಗೆ ಉಂಡು ಬರುವುದಿಲ್ಲ. ಹಸಿದವರು ನೆಟ್ಟಗೆ ಕೂರುವುದೂ ಇಲ್ಲ. ಅದಕ್ಕಾಗಿ ರಾಯಚೂರಿನ ನಮ್ಮ ಅಡುಗೆಯವಳು ನೆನೆಸಿದ ಚುರುಮುರಿಗೆ, ಅಂದರೆ ಮಂಡಕ್ಕಿಗೆ, ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆಯ ಪುಡಿ ಉದುರಿಸಿ ಸುಸಲಾ ಮಾಡಿಡುತ್ತಾಳೆ. ಅಂದು ಕಾರ್ಯದರ್ಶಿಗಳಿಗೂ ಒಂದು ತಟ್ಟೆ ಹೋಯಿತು. ಖಾಲಿಯಾಯಿತು. ಮತ್ತೊಂದು ಹೋಯಿತು. ಅದನ್ನು ಕೈಯಲ್ಲಿ ಹಿಡಿದೇ ಅವರು ಮಕ್ಕಳನ್ನು ಕೇಳಿದರು: "ಇಲ್ಲಿ ನಿಮಗೆ ತುಂಬ ಇಷ್ಟವಾದದ್ದು ಯಾವುದು?"

ನಮ್ಮ ಕಾನ್ವೆಂಟಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗುರುಗಳನ್ನು ಅವರ ಎದುರಿಗೇ ಹೊಗಳಬಾರದು. ಹಾಗೆ ಮಾಡುವುದು ಬೆಣ್ಣೆ ಹಚ್ಚುವುದು, ಕೀಳು ನಡತೆ. ಇದನ್ನು ನಾನು ಈ ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದೆ. ಮೊದಲನೆಯವಳು ಎದ್ದು ನಿಂತು, "ಸುಸಲಾ ಸರ್," ಅಂದಳು. ಎರಡನೆಯವಳು, "ಸುಸಲಾ ಸರ್." ಸಾಲಿಗೆ ಸಾಲೇ ಸುಸಲಾ ಅಂದಿತು. ಮೇಸ್ತ್ರಿಯ ಮಗಳು ತುಸು ಯೋಚಿಸಿ, "ಅದರ ಮ್ಯಾಲಿನ ಪುಠಾಣಿ ಪುಡಿ ಸರ್," ಅಂದಳು.

ಒಬ್ಬರಾದರೂ ನನ್ನ ಹೆಸರೆತ್ತಲಿಲ್ಲ. ಅಂಥ ಶಿಸ್ತನ್ನು ನಾನು ನನ್ನ ಸಹಪಾಠಿಗಳಲ್ಲೂ ಕಂಡಿರಲಿಲ್ಲ.

ವೇದಿಕೆ

ಸನ್ಮಾನದ ದಿನ ನಾನು ತಾಯಿಯವರ ಇಳಕಲ್ ಸೀರೆ ಉಟ್ಟೆ. ಮೇಸ್ತ್ರಿ ಬಂದಿದ್ದ, ಮಗಳು ಬಂದಿದ್ದಳು, ನಗರದ ಆಚೆ ತುದಿಯಲ್ಲಿರುವ ತಂಗಿಯನ್ನೂ ಅವಳ ಮಗನನ್ನೂ ಕರೆಸಿದ್ದ. ನಾಲ್ವರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ತಂಗಿಯ ತೊಡೆಯ ಮೇಲೆ ಒಂದು ಚೀಲ. ಅದರೊಳಗೆ ಎಲೆ, ಅಡಿಕೆ, ಕುಪ್ಪಸದ ಖಣ. ಸಭೆ ಮುಗಿದ ಕೂಡಲೇ ಮದುವೆಯ ಮಾತು ಮುಗಿಸುವ ತಯಾರಿ.

ಮೊದಲು ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿಗೆ ಸನ್ಮಾನ. ಅವರು ತಮ್ಮದೇ ದೊಡ್ಡ ಫ್ಲೆಕ್ಸ್ ತಂದಿದ್ದರು. ಆಮೇಲೆ ಫೋನಿನಲ್ಲಿ ಮಕ್ಕಳಿಗೆ ದಾರಿ ಹೇಳುವ ಸಾಫ್ಟ್‌ವೇರ್ ಹುಡುಗರ ಒಂದು ಗುಂಪು. ಮೂರನೆಯದು ನಾವು. ಕಾರ್ಯದರ್ಶಿಗಳು ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡು, ಓದುವ ಮಕ್ಕಳಿಗೆ ಅನ್ನ ದಾಸೋಹ ನಡೆಸುತ್ತಿರುವ ಹಿಮಾಯತ್‌ನಗರದ ಮಾತೆಗೆ ವಿಶೇಷ ಸನ್ಮಾನ ಎಂದರು. ಶಾಲು ಬಂತು, ಹಾರ ಬಂತು. ಕೊನೆಗೆ ಮರದ ಹಲಗೆಯ ಮೇಲೆ ಕೂರಿಸಿದ, ಥಳಥಳಿಸುವ ಒಂದು ದೊಡ್ಡ ಸೌಟು ಬಂತು.

ನಾನು ಮೈಕು ತೆಗೆದುಕೊಂಡೆ. ಇದು ತಪ್ಪು, ನಾನು ನಡೆಸುವುದು ಪಾಠ ಎಂದೆ. ಚಪ್ಪಾಳೆ ಬಿತ್ತು. ಸುಸಲಾ ಮಾಡುವವಳು ಅಡುಗೆಯವಳು, ನಾನು ಒಲೆ ಹಚ್ಚಿ ವರ್ಷಗಳಾದವು ಎಂದೆ. ಇನ್ನೂ ಜೋರು ಚಪ್ಪಾಳೆ. "ನೋಡಿ, ಎಂಥ ವಿನಯ," ಎಂದು ಕಾರ್ಯದರ್ಶಿಗಳು ಮೈಕು ವಾಪಸು ತೆಗೆದುಕೊಂಡರು. ಮೇಸ್ತ್ರಿಯ ಮಗಳು ತಲೆ ತಗ್ಗಿಸಿ ಕೂತಿದ್ದಳು. ಅವಳ ಕಾಲೇಜು ಕೈತಪ್ಪಿತೆಂದೇ ನಾನೂ ತಿಳಿದೆ.

ಕೆಳಗಿಳಿದಾಗ ಮೇಸ್ತ್ರಿ ಎದುರಿಗೆ ಬಂದು ಕೈಮುಗಿದ. ಸೌಟನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡ.

"ಮಾನ್ಯತಾ ಐತೇನು ಅಂತ ಕೇಳಿದ್ನಲ್ರಿ, ತಪ್ಪಾತು. ಪಾಠ ಪೈಸಾ ಕೊಟ್ರ ಯಾರಾರ ಹೇಳ್ತಾರ್ರಿ. ನನ್ನ ಮಗಳು ಇಷ್ಟು ದಿನ ನಿಮ್ಮನ್ಯಾಗ ಉಂಡಾಳ. ಉಂಡ ಮನಿ ಮಾತು ಮೀರಾಕ ಬರಂಗಿಲ್ಲ." ಆಮೇಲೆ ತಂಗಿಯ ಕಡೆ ತಿರುಗಿ, "ಹುಡುಗಿ ಕಾಲೇಜಿಗೆ ಹೋಗ್ತಾಳವ್ವ, ಮದಿವಿ ಮಾತು ಈಗ ಬ್ಯಾಡ," ಅಂದ.

ಪಾಠದ ಬಗ್ಗೆ ನಾನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅವನು ಹೌದ್ರಿ ಹೌದ್ರಿ ಎನ್ನುತ್ತ ಸೌಟನ್ನೇ ನೋಡುತ್ತಿದ್ದ.

ತಂಗಿ ಜಗಳ ತೆಗೆದಾಳೆಂದುಕೊಂಡೆ. ಅವಳು ನನ್ನ ಸೀರೆಯನ್ನೂ ಸೌಟನ್ನೂ ನೋಡಿದಳು, ಚೀಲದಿಂದ ಆ ಖಣ ತೆಗೆದು ನನ್ನ ಉಡಿಗೇ ಹಾಕಿದಳು. ಪಕ್ಕದಲ್ಲಿದ್ದ ಮದುಮಗನನ್ನು ಮುಂದೆ ತಳ್ಳಿ, "ಇವ ಇಂಟರ್ ಫೇಲಾಗ್ಯಾನ್ರಿ ಬಾಯಾರ. ಐತಾರಕ್ಕ ಇವನ್ನೂ ಕಳಿಸ್ಲೇನ್ರಿ? ಸುಸಲಾ ಅಂದ್ರ ಜೀವ ಬಿಡ್ತಾನ," ಅಂದಳು.

ಹುಡುಗಿ ಕಾಲೇಜಿಗೆ ಸೇರಿದ್ದಾಳೆ, ಬಿ.ಎಸ್ಸಿ. ಓದುತ್ತಿದ್ದಾಳೆ. ಆ ಹುಡುಗ ಭಾನುವಾರ ನಮ್ಮ ವರಾಂಡದ ಹಿಂದಿನ ಸಾಲಿನಲ್ಲಿ ಬೆನ್ನು ಒರಗಿಸದೆ ಕೂರುತ್ತಾನೆ. ಇವೆಲ್ಲ ಒಳ್ಳೆಯದೇ. ಆದರೆ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಮಕ್ಕಳನ್ನು ಕಾಲೇಜಿಗೆ ಸಿದ್ಧಮಾಡುವ ಪಾಠವನ್ನು ಊಟದ ಸೇವೆ ಎಂದು ಸಭೆಯ ಎದುರು ಸಾರಿದವರು ಸಂಘದವರು. ಸಭೆಯ ಎದುರೇ ಅವರು ನನ್ನ ಕ್ಷಮೆ ಕೇಳಬೇಕು.